ಕಬ್ಬಿನೊಳಗೇ ಇದೆ ಕಾರ್ಖಾನೆಯ ನೀರು: ಸಕ್ಕರೆ ಕಾರ್ಖಾನೆಯಲ್ಲಿ ನೀರಿನ ಲೆಕ್ಕ ತೆಗೆಯುವ ಬಗೆ

ಒಂದು ಟನ್ ಕಬ್ಬು ಯಾರ್ಡಿಗೆ ಬಂತೆಂದರೆ ಅದರ ಜೊತೆ ಸುಮಾರು 700 ಲೀಟರ್ ನೀರೂ ಬಂತು. ಕಬ್ಬಿನ ತೂಕದಲ್ಲಿ ನೂರಕ್ಕೆ ಎಪ್ಪತ್ತು ಪಾಲು ನೀರೇ. ಸಕ್ಕರೆ ಮಾಡುವುದೆಂದರೆ ಆ ನೀರನ್ನು ಕುದಿಸಿ ಹೊರಗೆ ಹಾಕುವುದು, ಅಷ್ಟೇ. ಹಾಗಿದ್ದೂ ಎಷ್ಟೋ ಕಾರ್ಖಾನೆಗಳಲ್ಲಿ ಹಂಗಾಮು ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ಜಾಕ್‌ವೆಲ್ (ನದಿಯ ನೀರು ಎತ್ತುವ ಬಾವಿ) ಪಂಪು ನಿಲ್ಲುವುದೇ ಇಲ್ಲ. ಒಂದು ಕಡೆ ಕುದಿಸಿ ತೆಗೆದ ನೀರು ಚರಂಡಿಗೆ, ಇನ್ನೊಂದು ಕಡೆ ನದಿಯ ನೀರು ಟ್ಯಾಂಕಿಗೆ.

ಸಕ್ಕರೆ ಕಾರ್ಖಾನೆಯ ನೀರಿನ ಆಡಿಟ್ ಶುರುವಾಗಬೇಕಾದ್ದು "ಎಷ್ಟು ನೀರು ಎತ್ತಿದಿರಿ" ಎಂಬಲ್ಲಿಂದಲ್ಲ. "ಕಬ್ಬು ತಂದ ನೀರು ಎಲ್ಲಿ ಹೋಯಿತು" ಎಂಬಲ್ಲಿಂದ. ಇದನ್ನು ಬಿಟ್ಟು ನಲ್ಲಿ, ಹೋಸ್‌ಪೈಪು ಎಂದು ಹೊರಟರೆ ನೂರು ಘನ ಮೀಟರ್ ಉಳಿಸಿ ಸಾವಿರ ಘನ ಮೀಟರ್ ಕಳೆದುಕೊಳ್ಳುತ್ತೀರಿ.

ಮೊದಲು ಕಾಗದದ ಮೇಲೆ

ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಯನ್ನೇ ಹಿಡಿಯೋಣ. ಕಬ್ಬಿನ ಜೊತೆ ಬರುವ ನೀರು 3,500 ಟನ್. ಇದರಲ್ಲಿ ನಿಜವಾಗಿಯೂ ಗೇಟಿನ ಹೊರಗೋ ಬಾಯ್ಲರಿಗೋ ಹೋಗುವುದೆಷ್ಟು ನೋಡಿ. ಸಿಪ್ಪೆ, ಅಂದರೆ ಬಗ್ಯಾಸ್, ಕಬ್ಬಿನ ಶೇ. 30ರಷ್ಟು ಬರುತ್ತದೆ ಎಂದುಕೊಂಡರೆ 1,500 ಟನ್. ಅದರಲ್ಲಿ ಅರ್ಧ ತೇವ, ಹಾಗಾಗಿ 750 ಟನ್ ನೀರು. ಪ್ರೆಸ್‌ಮಡ್ (ರಸ ಸೋಸಿದಾಗ ಉಳಿಯುವ ಕೆಸರು) ಶೇ. 3.5, ಅದರಲ್ಲಿ ತೇವ ಶೇ. 70, ಸುಮಾರು 120 ಟನ್. ಮೊಲಾಸಿಸ್ (ಕಾಕಂಬಿ) ಜೊತೆ 45 ಟನ್. ಸಕ್ಕರೆಯಲ್ಲಿ ಹೋಗುವುದು ಲೆಕ್ಕಕ್ಕೇ ಇಲ್ಲ. ಒಟ್ಟು 915 ಟನ್ ಕಳೆದರೆ ಉಳಿಯುವುದು 2,580 ಟನ್ ಚಿಲ್ಲರೆ. ಇಷ್ಟೂ ಬಾಯ್ಲಿಂಗ್ ಹೌಸಿನಲ್ಲಿ, ಅಂದರೆ ರಸ ಕುದಿಸುವ ವಿಭಾಗದಲ್ಲಿ, ಹಬೆಯಾಗಿ ಏಳುತ್ತದೆ.

ಇಂಬಿಬಿಷನ್ ನೀರು (ಸಿಪ್ಪೆಯಲ್ಲಿ ಉಳಿದ ಸಕ್ಕರೆ ತೆಗೆಯಲು ಮಿಲ್ಲಿನಲ್ಲಿ ಹಾಕುವ ನೀರು), ಫಿಲ್ಟರ್ ತೊಳೆಯುವ ನೀರು, ಪ್ಯಾನಿಗೆ (ಸಕ್ಕರೆ ಹರಳುಗಟ್ಟಿಸುವ ಪಾತ್ರೆಗೆ) ಕೊಡುವ ನೀರು, ಸುಣ್ಣ ಕಲಸುವ ನೀರು ಇವೆಲ್ಲ ಈ ಲೆಕ್ಕದಲ್ಲಿ ಯಾಕಿಲ್ಲ ಎಂದು ಕೇಳಬಹುದು. ಅವೆಲ್ಲ ಕಂಡೆನ್ಸೇಟಿನಿಂದ (ಹಬೆ ತಣಿದು ಆದ ನೀರಿನಿಂದ) ಹೋಗಿ ಮತ್ತೆ ಕಂಡೆನ್ಸೇಟಾಗಿಯೇ ಬರುವ ನೀರು. ಒಳಗೇ ಸುತ್ತುತ್ತದೆ. ಅದನ್ನು ನದಿಯ ನೀರಿನಿಂದ ಕೊಡುತ್ತಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ. ಹಾಗೆ ಕೊಡುತ್ತಿದ್ದರೆ ಆಡಿಟ್‌ನ ಮೊದಲ ಪುಟದಲ್ಲೇ ಅದನ್ನು ಬರೆಯಿರಿ.

2,580 ಟನ್ ಹಬೆಯಲ್ಲಿ ಇವಾಪರೇಟರಿನ (ರಸವನ್ನು ಗಟ್ಟಿಮಾಡುವ ಸಾಲು ಪಾತ್ರೆಗಳ) ಕೊನೆಯ ಬಾಡಿಯಿಂದ ಮತ್ತು ಪ್ಯಾನುಗಳಿಂದ, ಹಬೆ ತಣಿಸುವ ಕಂಡೆನ್ಸರಿಗೆ ಹೋಗುವುದು ಸುಮಾರು 1,100 ಟನ್. ಇದು ಸ್ಪ್ರೇ ಪಾಂಡ್ (ಬಿಸಿಯಾದ ನೀರನ್ನು ಚಿಮ್ಮಿಸಿ ತಣಿಸುವ ಕೊಳ) ನೀರಿನ ಜೊತೆ ಬೆರೆತುಹೋಗುತ್ತದೆ. ಉಳಿದ 1,480 ಟನ್ ಬಿಸಿ ಕಂಡೆನ್ಸೇಟಾಗಿ ಕೈಗೆ ಸಿಗಬೇಕು. ವೆಂಟು, ಫ್ಲಾಶ್ (ಗಾಳಿಗೆ ಹೋಗುವ ಹಬೆ) ಎಂದು 200 ಟನ್ ಬಿಟ್ಟರೂ 1,200 ಟನ್‌ಗೆ ಮೋಸವಿಲ್ಲ.

ನಿಮ್ಮ ಕಾರ್ಖಾನೆಯ ತೇವ, ಬಗ್ಯಾಸ್, ಪ್ರೆಸ್‌ಮಡ್ ಅಂಕಿಗಳು ಲ್ಯಾಬಿನ ದಿನದ ವರದಿಯಲ್ಲೇ ಇರುತ್ತವೆ. ಅವನ್ನು ಹಾಕಿ ಇದೇ ಲೆಕ್ಕ ಮಾಡಿ. ಅರ್ಧ ಗಂಟೆಯ ಕೆಲಸ. ಕೊನೆಗೆ ಬಂದ ಅಂಕಿ ನಿಮ್ಮ ಗುರಿ. ಅಳತೆಯಲ್ಲಿ ಅದಕ್ಕಿಂತ ಕಡಿಮೆ ಬಂದಷ್ಟೂ ನೀರು ಎಲ್ಲೋ ಕಾಲುವೆ ಸೇರುತ್ತಿದೆ.

ಯಾವಾಗ ಅಳೆಯಬೇಕು

ಹಂಗಾಮಿನ ಮೊದಲ ಎರಡು ವಾರ ಬೇಡ, ಕೊನೆಯ ವಾರವೂ ಬೇಡ. ಮೊದಲಿಗೆ ಕಂಡೆನ್ಸೇಟು ಸಾಲುವುದಿಲ್ಲ, ಹೊರಗಿನ ನೀರು ಬೇಕೇ ಬೇಕು. ಕೊನೆಗೆ ಕಬ್ಬು ಒಣಗಿರುತ್ತದೆ, ನುರಿಸುವಿಕೆ ಏರುಪೇರಾಗಿರುತ್ತದೆ. ಡಿಸೆಂಬರ್–ಜನವರಿಯಲ್ಲಿ, ಮಿಲ್ಲು ಒಂದೇ ವೇಗದಲ್ಲಿ ಓಡುವಾಗ, ಸತತ 72 ಗಂಟೆ ಅಳೆಯಿರಿ. ಮೂರು ಪಾಳಿಯೂ ಬರಬೇಕು. ಹಗಲಿನ ಜನರಲ್ ಪಾಳಿಯಲ್ಲಿ ಮಾತ್ರ ಓಡಾಡಿ ಬರೆದ ಆಡಿಟ್‌ಗೆ ಬೆಲೆಯಿಲ್ಲ. ಟ್ಯಾಂಕುಗಳು ತುಂಬಿ ಚೆಲ್ಲುವುದು ರಾತ್ರಿ ಎರಡರಿಂದ ಐದರೊಳಗೆ.

ಇದರ ಜೊತೆ ಇನ್ನೊಂದು ಅಳತೆ ಕಡ್ಡಾಯ. ಜನರಲ್ ಕ್ಲೀನಿಂಗ್ ದಿನ, ಅಥವಾ ಕಬ್ಬು ಬರದೆ ಮಿಲ್ಲು ನಿಂತ ದಿನ, ಎಲ್ಲ ಮೀಟರುಗಳನ್ನೂ ಗಂಟೆಗೊಮ್ಮೆ ಓದಿ. ಮಿಲ್ಲು ನಿಂತರೆ ನೀರೂ ನಿಲ್ಲಬೇಕು ತಾನೇ? ನಿಲ್ಲುವುದಿಲ್ಲ. ಗಂಟೆಗೆ 100 ಘನ ಮೀಟರ್ ಎಳೆಯುವ ಕಾರ್ಖಾನೆ ನಿಂತಾಗಲೂ 60 ಎಳೆಯುತ್ತಿದ್ದರೆ, ಆ 60ಕ್ಕೂ ಕಬ್ಬಿಗೂ ಸಂಬಂಧವೇ ಇಲ್ಲ ಎಂದಾಯಿತು. ಬೇರಿಂಗಿಗೆ ಹೋಗಿ ನೇರ ಚರಂಡಿಗೆ ಬೀಳುವ ನೀರು, ಒಡೆದ ನೆಲದಡಿಯ ಪೈಪು, ತೇಲುಗುಂಡು ಕೆಟ್ಟ ಓವರ್‌ಹೆಡ್ ಟ್ಯಾಂಕು, ಕಾಲೊನಿಗೆ ಹೋದ ಲೆಕ್ಕವಿಲ್ಲದ ಲೈನು ಇವೆಲ್ಲ ಅದರಲ್ಲಿ ಇರುತ್ತವೆ. ಇಡೀ ಆಡಿಟ್‌ನಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಹೇಳುವ ಅಳತೆ ಇದು.

ಲೈನು ಹಿಡಿದು ನಡೆಯುವುದು

ಡ್ರಾಯಿಂಗ್ ನಂಬಬೇಡಿ. ಕಾರ್ಖಾನೆ ಕಟ್ಟಿದಾಗಿನ ಡ್ರಾಯಿಂಗಿಗೂ ಇವತ್ತಿನ ಪೈಪಿಗೂ ಹತ್ತಾರು ಹಂಗಾಮುಗಳ ವ್ಯತ್ಯಾಸ ಇರುತ್ತದೆ. ಮಿಲ್ ಹೌಸಿನ ಒಬ್ಬ ಹಳೆಯ ಫಿಟ್ಟರನ್ನೂ ಬಾಯ್ಲಿಂಗ್ ಹೌಸಿನ ಒಬ್ಬರನ್ನೂ ಜೊತೆಗೆ ಕರೆದುಕೊಂಡು, ಜಾಕ್‌ವೆಲ್ಲಿನಿಂದ ಹಿಡಿದು ಇ.ಟಿ.ಪಿ.ಯ (ತ್ಯಾಜ್ಯನೀರು ಸಂಸ್ಕರಿಸುವ ಘಟಕದ) ಹೊರದಾರಿವರೆಗೆ ಪ್ರತಿ ಲೈನನ್ನೂ ನಡೆದು ನೋಡಿ. ಬಣ್ಣದ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಿ: ತಣ್ಣೀರು, ಬಿಸಿ ಕಂಡೆನ್ಸೇಟು, ಇಂಜೆಕ್ಷನ್ ನೀರು (ಹಬೆ ತಣಿಸಲು ಕಂಡೆನ್ಸರಿಗೆ ಕೊಡುವುದು), ಚರಂಡಿ. ಎಲ್ಲೆಲ್ಲಿ ತಣ್ಣೀರಿನ ಲೈನು ಕಂಡೆನ್ಸೇಟ್ ಲೈನಿಗೆ ಕೂಡುತ್ತದೋ ಅಲ್ಲಿ ಕೆಂಪು ಗುರುತು. "ಎಮರ್ಜೆನ್ಸಿಗೆ ಅಂತ ಕೊಟ್ಟದ್ದು ಸಾರ್" ಎನ್ನುವ ಬೈಪಾಸ್ ವಾಲ್ವುಗಳೇ ಮುಂದೆ ತೊಂದರೆ ಕೊಡುವುದು. ತುರ್ತಿಗೆ ತೆರೆದದ್ದನ್ನು ಮುಚ್ಚಿದವರು ಯಾರೂ ಇರುವುದಿಲ್ಲ. ಅಂಥ ವಾಲ್ವನ್ನು ಪೂರ್ತಿ ಮುಚ್ಚಿಸಿ, ಚಕ್ರಕ್ಕೆ ಸರಪಳಿ ಹಾಕಿಸಿ, ಬೀಗದ ಕೈ ಶಿಫ್ಟ್ ಎಂಜಿನಿಯರ್ ಹತ್ತಿರ ಇರಲಿ.

ಅಳೆಯುವ ವಿಧಾನಗಳು

ಎಲ್ಲ ಕಡೆ ಮೀಟರ್ ಹಾಕುವವರೆಗೆ ಕಾಯಬೇಕಿಲ್ಲ. ನಾಲ್ಕು ವಿಧಾನದಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ.

ಕ್ಲ್ಯಾಂಪ್ ಆನ್ ಅಲ್ಟ್ರಾಸೋನಿಕ್ ಮೀಟರ್ ಬಾಡಿಗೆಗೆ ತನ್ನಿ. ಪೈಪಿನ ವ್ಯಾಸದ ಹತ್ತು ಪಟ್ಟು ಉದ್ದ ಹಿಂದೆ, ಐದು ಪಟ್ಟು ಮುಂದೆ ಬೆಂಡು, ವಾಲ್ವು, ಟೀ ಯಾವುದೂ ಇಲ್ಲದ ಜಾಗ ಹುಡುಕಿ. 200 ಮಿ.ಮೀ. ಪೈಪಿಗೆ ಅದು ಹಿಂದೆ 2 ಮೀಟರ್, ಮುಂದೆ 1 ಮೀಟರ್. ಅಡ್ಡ ಪೈಪಿನಲ್ಲಿ ಸೆನ್ಸರುಗಳನ್ನು ಪಕ್ಕಕ್ಕೆ, ಗಡಿಯಾರದ 3 ಮತ್ತು 9 ಗಂಟೆಯ ಜಾಗದಲ್ಲಿ ಕೂರಿಸಿ. ಮೇಲೆ ಗಾಳಿ ನಿಂತಿರುತ್ತದೆ, ಕೆಳಗೆ ಕೆಸರು. ಬಣ್ಣ, ತುಕ್ಕು ಕೆರೆದು ಜೆಲ್ ಹಚ್ಚಿ. ಪೈಪಿನ ದಪ್ಪವನ್ನು ಟೇಬಲ್ ನೋಡಿ ತುಂಬಬೇಡಿ, ಥಿಕ್‌ನೆಸ್ ಗೇಜಿನಲ್ಲಿ ಅಳೆಯಿರಿ. ಹಳೆಯ ಪೈಪು ಒಳಗಿನಿಂದ ಸವೆದೋ ಪದರ ಕಟ್ಟಿಯೋ ಇರುತ್ತದೆ. ಪೈಪು ಪೂರ್ತಿ ತುಂಬಿ ಹರಿಯದಿದ್ದರೆ ಈ ಮೀಟರ್ ಸುಳ್ಳು ಹೇಳುತ್ತದೆ. ಕಂಡೆನ್ಸರಿನಿಂದ ಇಳಿಯುವ ಟೇಲ್ ಪೈಪಿಗೆ ಇದನ್ನು ಹಾಕುವುದು ವ್ಯರ್ಥ, ಅದರಲ್ಲಿ ನೀರಿನ ಜೊತೆ ಗಾಳಿಯೂ ಇಳಿಯುತ್ತಿರುತ್ತದೆ. ಇಂಜೆಕ್ಷನ್ ಪಂಪಿನ ಡೆಲಿವರಿ ಲೈನಿನಲ್ಲಿ ಅಳೆಯಿರಿ.

ಚರಂಡಿಗಳಿಗೆ ವಿ ನಾಚ್. 90 ಡಿಗ್ರಿಯ ವಿ ಆಕಾರ ಕತ್ತರಿಸಿದ 3 ಮಿ.ಮೀ. ತಗಡನ್ನು ಚರಂಡಿಗೆ ಅಡ್ಡ ನಿಲ್ಲಿಸಿ, ಪಕ್ಕ ಜೇಡಿಮಣ್ಣು ಮೆತ್ತಿ. ನೀರು ನಾಚಿನಿಂದ ಆಚೆ ಸ್ವಚ್ಛಂದವಾಗಿ ಬೀಳಬೇಕು, ಕೆಳಗಿನ ನೀರು ನಾಚನ್ನು ಮುಟ್ಟಬಾರದು. ಎತ್ತರವನ್ನು ನಾಚಿನ ಬಾಯಲ್ಲಿ ಅಳೆಯಬೇಡಿ, ಅಲ್ಲಿ ನೀರು ಬಾಗಿರುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟು ಹಿಂದೆ ಸರಿದು ಅಳೆಯಿರಿ. ಎತ್ತರ 10 ಸೆಂ.ಮೀ. ಇದ್ದರೆ ಹರಿವು ಗಂಟೆಗೆ ಸುಮಾರು 16 ಘನ ಮೀಟರ್. 15 ಸೆಂ.ಮೀ. ಇದ್ದರೆ 43. 20 ಸೆಂ.ಮೀ. ಆದರೆ 89. ಎತ್ತರ ಇಮ್ಮಡಿಯಾದರೆ ಹರಿವು ಐದೂವರೆ ಪಟ್ಟಿಗೂ ಹೆಚ್ಚು, ಹಾಗಾಗಿ ಅರ್ಧ ಸೆಂ.ಮೀ. ತಪ್ಪಿದರೂ ಲೆಕ್ಕ ದೂರ ಹೋಗುತ್ತದೆ. ಸ್ಟೀಲ್ ಸ್ಕೇಲನ್ನು ಗೋಡೆಗೆ ಬಿಗಿದು, ಶೂನ್ಯವನ್ನು ನಾಚಿನ ತುದಿಯ ಮಟ್ಟಕ್ಕೆ ಲೆವೆಲ್ ಟ್ಯೂಬಿನಲ್ಲಿ ಹೊಂದಿಸಿ.

ಟ್ಯಾಂಕುಗಳಿಗೆ ಗಡಿಯಾರ ಸಾಕು. ಹೊರದಾರಿ ಮುಚ್ಚಿ, ಮಟ್ಟ 10 ಸೆಂ.ಮೀ. ಏರಲು ಎಷ್ಟು ಹೊತ್ತಾಯಿತು ನೋಡಿ. 3 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಆ 10 ಸೆಂ.ಮೀ. ಎಂದರೆ 707 ಲೀಟರ್.

ನಾಲ್ಕನೆಯದು ಬಕೆಟ್ಟು. ನಗಬೇಡಿ. ಹೋಸ್‌ಪೈಪು, ಕೂಲಿಂಗ್ ರಿಟರ್ನ್, ಗ್ಲ್ಯಾಂಡ್ (ಪಂಪಿನ ಶಾಫ್ಟ್ ಹೊರಬರುವ ಜಾಗ) ಸೋರಿಕೆಗೆಲ್ಲ ಇದಕ್ಕಿಂತ ನಂಬಿಕಸ್ತ ಸಾಧನವಿಲ್ಲ. 20 ಲೀಟರಿನ ಬಕೆಟ್ 25 ಸೆಕೆಂಡಿನಲ್ಲಿ ತುಂಬಿದರೆ ಆ ಹೋಸಿನ ಹರಿವು ಗಂಟೆಗೆ 2.9 ಘನ ಮೀಟರ್. ಅದನ್ನು ನೆಲದ ಮೇಲೆ ಬಿಟ್ಟು ಹೋದರೆ ದಿನಕ್ಕೆ 69 ಘನ ಮೀಟರ್.

ಪಂಪಿನ ನೇಮ್‌ಪ್ಲೇಟ್ ನೋಡಿ ಹರಿವು ಬರೆಯುವ ಅಭ್ಯಾಸವನ್ನಂತೂ ಬಿಟ್ಟುಬಿಡಿ. ಅದರಲ್ಲಿರುವುದು ಹೊಸ ಪಂಪು, ಹೊಸ ಇಂಪೆಲ್ಲರ್, ಒಂದು ನಿರ್ದಿಷ್ಟ ಹೆಡ್ಡಿನ (ನೀರೆತ್ತುವ ಎತ್ತರದ) ಅಂಕಿ. ನಿಮ್ಮ ಪಂಪು ಓಡುತ್ತಿರುವುದು ಬೇರೆಲ್ಲೋ.

ಎಲ್ಲ ಸೇರಿಸಿದಾಗ ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಶೇ. 5ರಿಂದ 10ರ ವ್ಯತ್ಯಾಸ ಇದ್ದೇ ಇರುತ್ತದೆ, ಅದನ್ನು ಒಪ್ಪಿಕೊಳ್ಳಿ. ಅದಕ್ಕಿಂತ ಹೆಚ್ಚಿದ್ದರೆ ನೆಲದಡಿ ಹುಡುಕಿ.

ಗ್ಲ್ಯಾಂಡು ಮತ್ತು ಬೇರಿಂಗು

ಜ್ಯೂಸ್ ಪಂಪಿನ ಮುಂದೆ ಕುಳಿತು ನೋಡಿ. ಗ್ಲ್ಯಾಂಡ್ ಪ್ಯಾಕಿಂಗಿಗೆ (ಸೋರದಂತೆ ಶಾಫ್ಟಿಗೆ ಸುತ್ತುವ ಹಗ್ಗಕ್ಕೆ) ಕೊಡುವ ನೀರು ಶಾಫ್ಟಿನ ಪಕ್ಕದಿಂದ ಹನಿ ಹನಿಯಾಗಿ ಬೀಳಬೇಕು, ಸೆಕೆಂಡಿಗೆ ಒಂದು ಹನಿಯ ಲೆಕ್ಕ. ಅದು ಪ್ಯಾಕಿಂಗನ್ನು ತಂಪಾಗಿಡಲು ಬೇಕು. ಪೂರ್ತಿ ನಿಲ್ಲಿಸಿದರೆ ಹಗ್ಗ ಸುಟ್ಟು ಶಾಫ್ಟ್ ಸ್ಲೀವ್ ಗೀರುಬೀಳುತ್ತದೆ. ಆದರೆ ಬಹಳ ಕಡೆ ಕಾಣುವುದು ಹನಿಯಲ್ಲ, ಬೆರಳು ದಪ್ಪದ ಧಾರೆ. ಒಂದು ಲೀಟರ್ ಮಗ್ಗು ಹಿಡಿಯಿರಿ. 20 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 4.3 ಘನ ಮೀಟರ್. ಅಂಥ 40 ಪಂಪುಗಳಿದ್ದರೆ 170 ಘನ ಮೀಟರ್ ಮೀರುತ್ತದೆ. ಅದೂ ಬರೀ ನೀರಲ್ಲ. ನಾಲಗೆಗೆ ಹಚ್ಚಿ ನೋಡಬೇಕಾಗಿಲ್ಲ, ಕೆಳಗಿನ ನೆಲ ಅಂಟಂಟಾಗಿದ್ದರೆ ಸಕ್ಕರೆಯೂ ಹೋಗುತ್ತಿದೆ, ಇ.ಟಿ.ಪಿ.ಯ ಹೊರೆಯೂ ಏರುತ್ತಿದೆ ಎಂದು ಅರ್ಥ.

ಬರೀ ಗ್ಲ್ಯಾಂಡ್ ನಟ್ ಬಿಗಿದರೆ ಎರಡು ದಿನ ಮಾತ್ರ. ಸ್ಲೀವ್ ಸವೆದಿದ್ದರೆ ಬದಲಾಯಿಸಿ, ಪ್ಯಾಕಿಂಗ್ ಹಗ್ಗದ ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಕೂಡುಜಾಗ ಇನ್ನೊಂದರ ಮೇಲೆ ಬರದಂತೆ 90 ಡಿಗ್ರಿ ತಿರುಗಿಸಿ ಕೂರಿಸಿ. ಬೇರಿಂಗ್ ಅಲುಗಾಡುತ್ತಿದ್ದರೆ ಮೊದಲು ಅದು. ಅಲುಗುವ ಶಾಫ್ಟಿಗೆ ಯಾವ ಪ್ಯಾಕಿಂಗೂ ನಿಲ್ಲದು, ಮೆಕ್ಯಾನಿಕಲ್ ಸೀಲಂತೂ ಒಂದು ವಾರ ಬಾಳದು. ಸೀಲಿಗೆ ದುಡ್ಡು ಹಾಕುವುದಿದ್ದರೆ ಸಿರಪ್ ಮತ್ತು ಕ್ಲಿಯರ್ ಜ್ಯೂಸ್ ಪಂಪುಗಳಿಂದ ಶುರುಮಾಡಿ. ಕಚ್ಚಾ ರಸದಲ್ಲಿ ಮರಳು, ಸಿಪ್ಪೆಯ ಪುಡಿ ಇರುತ್ತದೆ, ಸೀಲಿನ ಮುಖ ಬೇಗ ಹಾಳಾಗುತ್ತದೆ.

ಮಿಲ್ ಬೇರಿಂಗು, ಟರ್ಬೈನಿನ ಆಯಿಲ್ ಕೂಲರ್, ಗಂಧಕದ ಬರ್ನರಿನ ಜಾಕೆಟ್, ಕಂಪ್ರೆಸರ್, ವ್ಯಾಕ್ಯೂಮ್ ಪಂಪಿನ ಸೀಲ್ ನೀರು ಇವೆಲ್ಲ ನೀರನ್ನು ಕೊಳೆ ಮಾಡುವುದಿಲ್ಲ, ನಾಲ್ಕೈದು ಡಿಗ್ರಿ ಬಿಸಿ ಮಾಡುತ್ತವೆ, ಅಷ್ಟೆ. ಆ ನೀರು ಒಮ್ಮೆ ಹೋಗಿ ಚರಂಡಿಗೆ ಬೀಳುತ್ತಿದ್ದರೆ ಒಂದು ರಿಟರ್ನ್ ಹೆಡರ್, ಒಂದು ಸಣ್ಣ ಕೂಲಿಂಗ್ ಟವರ್ ಹಾಕಿ ಸುತ್ತಿಸಿ. ಮಿಲ್ ಬೇರಿಂಗಿನ ರಿಟರ್ನನ್ನು ಮಾತ್ರ ಬೇರೆ ಇಟ್ಟು, ಎಣ್ಣೆ ಹಿಡಿಯುವ ತೊಟ್ಟಿಯ ಮೂಲಕ ಹಾಯಿಸಿ. ಗ್ರೀಸು ಕೂಲಿಂಗ್ ಟವರಿನ ಫಿಲ್ಲಿಗೆ (ನೀರು ಹರಡಲು ಒಳಗೆ ಜೋಡಿಸಿದ ಪದರಗಳಿಗೆ) ಹತ್ತಿದರೆ ಮತ್ತೆ ತೊಳೆದು ತೆಗೆಯುವುದು ಕಷ್ಟ.

ಮಿಲ್ಲು ನಿಂತ ಆ ಇಪ್ಪತ್ತು ನಿಮಿಷ

ಕಂಡೆನ್ಸೇಟು ಯಾಕೆ ಚರಂಡಿಗೆ ಹೋಗುತ್ತದೆ ಎಂದು ಕೇಳಿದರೆ "ಹೆಚ್ಚಾದಾಗ ಬಿಡುತ್ತೇವೆ" ಎನ್ನುತ್ತಾರೆ. ಹೊರಗಿನ ನೀರು ಯಾಕೆ ಎಂದರೆ "ಕಡಿಮೆ ಬಿದ್ದಾಗ ತಗೊಳ್ತೇವೆ". ಎರಡೂ ನಿಜವೇ, ಎರಡೂ ಒಂದೇ ದಿನ ನಡೆಯುತ್ತದೆ. ಕಾರಣ ಇಷ್ಟು: ಕಬ್ಬು ಸಿಕ್ಕಿಹಾಕಿಕೊಂಡು ಮಿಲ್ಲು ನಿಂತಿತು ಎನ್ನಿ. ಇಂಬಿಬಿಷನ್ ನಿಂತಿತು. ಇವಾಪರೇಟರಿನಲ್ಲಿ ಮಾತ್ರ ಇನ್ನೂ ರಸವಿದೆ, ಅದು ಕುದಿಯುತ್ತಲೇ ಇದೆ, ಕಂಡೆನ್ಸೇಟು ಬರುತ್ತಲೇ ಇದೆ. ಬಿಸಿನೀರಿನ ಟ್ಯಾಂಕು ಚಿಕ್ಕದು, ತುಂಬಿ ಚೆಲ್ಲಿತು. ಮಿಲ್ಲು ಮತ್ತೆ ಓಡಿದಾಗ ಇಂಬಿಬಿಷನಿಗೆ ನೀರು ಬೇಕು. ಇವಾಪರೇಟರಿನಿಂದ ಇನ್ನೂ ಬಂದಿಲ್ಲ. ತಣ್ಣೀರಿನ ವಾಲ್ವು ತೆರೆಯಿತು. ಅದನ್ನು ಮುಚ್ಚುವುದು ಮುಂದಿನ ಪಾಳಿಯವರ ಪಾಲಿಗೆ.

ಇದಕ್ಕೆ ಮದ್ದು ಟ್ಯಾಂಕು. 5,000 ಟನ್ ಕಾರ್ಖಾನೆಗೆ ಕಬ್ಬಿನ ತೂಕದ ಶೇ. 30 ಇಂಬಿಬಿಷನ್ ಎಂದರೆ ಗಂಟೆಗೆ 62 ಟನ್ ನೀರು. ಎರಡು ಗಂಟೆಯ ನೀರು ಹಿಡಿಯುವ 125 ಘನ ಮೀಟರಿನ ಮುಚ್ಚಿದ, ಹೊರಮೈಗೆ ಇನ್ಸುಲೇಷನ್ ಇರುವ ಟ್ಯಾಂಕು ಕನಿಷ್ಠ ಬೇಕು. ಸಾಮಾನ್ಯವಾಗಿ ಟ್ಯಾಂಕನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟು ಓಡಿಸಿ, ತುಂಬಿಸಿ ಇಡಬೇಡಿ. ತುಂಬಿದ ಟ್ಯಾಂಕು ಬರುವ ನೀರನ್ನು ಹಿಡಿಯಲಾರದು.

ಇದರ ತಿರುಗುಮುರುಗೂ ನಡೆಯುತ್ತದೆ. ಮಿಲ್ಲು ನಿಂತರೂ ಇಂಬಿಬಿಷನ್ ವಾಲ್ವು ಮುಚ್ಚುವವರಿಲ್ಲ. ಇಪ್ಪತ್ತು ನಿಮಿಷದಲ್ಲಿ 20 ಟನ್ ನೀರು ನೇರ ರಸದ ಟ್ರೇಗೆ ಇಳಿಯುತ್ತದೆ. ಅದನ್ನು ಮತ್ತೆ ಕುದಿಸಿ ತೆಗೆಯಲು ಕ್ವಾಡ್ರಪಲ್ (ನಾಲ್ಕು ಹಂತದ) ಇವಾಪರೇಟರಿನಲ್ಲಿ ಸುಮಾರು 5 ಟನ್ ಸ್ಟೀಮು ಬೇಕು. ಮಿಲ್ ಡ್ರೈವಿನಿಂದ ಒಂದು ಸಿಗ್ನಲ್ ತೆಗೆದು ಇಂಬಿಬಿಷನ್ ಲೈನಿನ ನ್ಯೂಮ್ಯಾಟಿಕ್ ವಾಲ್ವಿಗೆ ಕೊಟ್ಟರೆ ಸಮಸ್ಯೆ ಮುಗಿಯಿತು. ಆಡಿಟ್ ಮಾಡುವಾಗ ಆ ವಾಲ್ವು ಆಟೋದಲ್ಲಿದೆಯೋ ಮ್ಯಾನುಯಲ್‌ನಲ್ಲಿದೆಯೋ ಎಂದೂ ನೋಡಿ. ಇರುವ ಇಂಟರ್‌ಲಾಕನ್ನು ಬೈಪಾಸ್ ಮಾಡಿಟ್ಟಿರುವುದು ಅಪರೂಪವೇನಲ್ಲ.

ಬಿಸಿ ಕಂಡೆನ್ಸೇಟನ್ನು ತಣ್ಣೀರು ಮಾಡುವುದು

ಬಿಸಿನೀರಿನ ಕೆಲಸಗಳೆಲ್ಲ ಮುಗಿದ ಮೇಲೂ ಕಂಡೆನ್ಸೇಟು ಉಳಿಯುತ್ತದೆ. 80–85 ಡಿಗ್ರಿಯಲ್ಲಿ ಇರುವ ಅದನ್ನು ಬೇರಿಂಗಿಗೂ ಕೊಡಲಾಗದು, ನೆಲ ತೊಳೆಯಲೂ ಆಗದು. ಹಾಗಾಗಿ ಚರಂಡಿಗೆ. ಇಲ್ಲಿ ಎರಡು ಹಂತದ ಕೆಲಸವಿದೆ.

ಮೊದಲ ಹಂತದಲ್ಲಿ ಆ ಶಾಖವನ್ನು ಕಚ್ಚಾ ರಸಕ್ಕೆ ಕೊಡಿ. ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನಲ್ಲಿ 1,200 ಟನ್ ಕಂಡೆನ್ಸೇಟು 80ರಿಂದ 45 ಡಿಗ್ರಿಗೆ ಇಳಿದರೆ 5,000 ಟನ್ ರಸ ಸುಮಾರು 9 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಅಷ್ಟರ ಮಟ್ಟಿಗೆ ಹೀಟರಿನ ಹಬೆ ಉಳಿಯಿತು. ರಸದ ಬದಿಗೆ ಅಗಲ ಸಂದಿನ ಪ್ಲೇಟುಗಳೇ ಇರಲಿ, ಇಲ್ಲದಿದ್ದರೆ ಸಿಪ್ಪೆಯ ನಾರು ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಸಣ್ಣ ಕೂಲಿಂಗ್ ಟವರಿನಲ್ಲಿ 32–35 ಡಿಗ್ರಿಗೆ ಇಳಿಸಿ.

ಎರಡನೆಯದು ಶುದ್ಧೀಕರಣ. ಎರಡನೇ ಬಾಡಿಯಿಂದ ಆಚೆಗಿನ ಕಂಡೆನ್ಸೇಟಿನಲ್ಲಿ ಅಮೋನಿಯಾ, ಹಬೆಯ ಜೊತೆ ಬಂದ ಸಾವಯವ ಅಂಶ, ಒಮ್ಮೊಮ್ಮೆ ಸಕ್ಕರೆ ಇರುತ್ತದೆ. ಹಾಗೇ ಟ್ಯಾಂಕಿನಲ್ಲಿ ನಿಲ್ಲಿಸಿದರೆ ಮೂರನೇ ದಿನ ವಾಸನೆ. ಕಂಡೆನ್ಸೇಟ್ ಪಾಲಿಶಿಂಗ್ ಯೂನಿಟ್ ಎಂದು ಹಾಕುವುದು ಇದಕ್ಕೇ: ತಣಿಸುವುದು, ಗಾಳಿಯಾಡಿಸುವ ಜೈವಿಕ ತೊಟ್ಟಿ, ತಿಳಿಗೊಳಿಸುವುದು, ಮರಳಿನ ಫಿಲ್ಟರು, ಇದ್ದಿಲ ಫಿಲ್ಟರು, ಬೇಕಾದರೆ ಸಾಫ್ಟ್‌ನರ್. ಜೈವಿಕ ತೊಟ್ಟಿಗೆ 40 ಡಿಗ್ರಿಗಿಂತ ಬಿಸಿ ನೀರು ಬಿಟ್ಟರೆ ಒಳಗಿನ ಜೀವಾಣು ಸಾಯುತ್ತವೆ, ಮತ್ತೆ ಬೆಳೆಸಲು ವಾರಗಳೇ ಬೇಕು. ಹಾಗಾಗಿ ಒಳದಾರಿಗೆ ತಾಪಮಾನದ ಅಲಾರಂ ಹಾಕಿ, ಮೀರಿದರೆ ನೀರು ಬೇರೆ ತೊಟ್ಟಿಗೆ ತಿರುಗುವಂತೆ ಮಾಡಿ.

ಒಂದು ಎಚ್ಚರಿಕೆ. ಶುದ್ಧೀಕರಿಸದ ಕಂಡೆನ್ಸೇಟನ್ನು ಹಿತ್ತಾಳೆ ಅಥವಾ ತಾಮ್ರದ ಟ್ಯೂಬಿನ ಆಯಿಲ್ ಕೂಲರಿಗೆ ನೇರ ಕೊಡಬೇಡಿ. ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ನೀರು ಉಳಿಸಲು ಹೋಗಿ ಟರ್ಬೈನ್ ಎಣ್ಣೆಗೆ ನೀರು ಸೇರಿದರೆ ನೀವು ಮಾಡಿದ ಆಡಿಟ್‌ಗೆ ಯಾರೂ ಮತ್ತೆ ಬಾಗಿಲು ತೆರೆಯುವುದಿಲ್ಲ.

ಬಾಯ್ಲರಿಗೆ ಹೋಗುವ ಕಂಡೆನ್ಸೇಟಿನಲ್ಲಿ ಸಕ್ಕರೆ ಇದೆಯೇ ಎಂದು ನೋಡುವ ಪರೀಕ್ಷೆ ಎಲ್ಲ ಕೆಮಿಸ್ಟರಿಗೂ ಗೊತ್ತು, ಆದರೆ ಅವಸರದಲ್ಲಿ ತಪ್ಪಾಗುವುದೂ ಇಲ್ಲೇ. ತಣಿಸಿದ 2 ಮಿ.ಲೀ. ಮಾದರಿ, ಆಲ್ಕೋಹಾಲಿನಲ್ಲಿ ಕರಗಿಸಿದ ಆಲ್ಫಾ ನ್ಯಾಫ್ತಾಲ್ ನಾಲ್ಕೈದು ಹನಿ, ಕಲಕಿ. ಟೆಸ್ಟ್ ಟ್ಯೂಬನ್ನು ಓರೆ ಹಿಡಿದು, ಗೋಡೆಗುಂಟ 2 ಮಿ.ಲೀ. ಗಾಢ ಗಂಧಕಾಮ್ಲವನ್ನು ಇಳಿಬಿಡಿ. ಆಮ್ಲ ಕೆಳಗೆ ನಿಲ್ಲುತ್ತದೆ. ಎರಡು ಪದರ ಕೂಡುವಲ್ಲಿ ನೇರಳೆ ಉಂಗುರ ಬಂದರೆ ಸಕ್ಕರೆಯಿದೆ. ಬಿಸಿ ಮಾದರಿಗೆ ಆಮ್ಲ ಸುರಿದರೆ ಚಿಮ್ಮುತ್ತದೆ, ಕನ್ನಡಕ, ಕೈಗವಸು ಇಲ್ಲದೆ ಮಾಡಬೇಡಿ. ಗ್ಲಾಸಿಗೆ ಅಂಟಿದ ಸಕ್ಕರೆಯ ಕಣವೊಂದೇ ಉಂಗುರ ತೋರಿಸುತ್ತದೆ, ಆದ್ದರಿಂದ ಸ್ವಚ್ಛ ನೀರಿನದೊಂದು ಪರೀಕ್ಷೆ ಪಕ್ಕದಲ್ಲೇ ಇರಲಿ. ಸುಳ್ಳು ಉಂಗುರದ ಕಾರಣಕ್ಕೆ ಒಂದು ಪಾಳಿಯ ಕಂಡೆನ್ಸೇಟನ್ನು ಚೆಲ್ಲಿದರೆ ಬಾಯ್ಲರಿಗೆ ಅಷ್ಟೂ ಡಿ.ಎಂ. (ಲವಣ ತೆಗೆದ) ನೀರು ಹೊಸದಾಗಿ ಮಾಡಬೇಕು. ಲೈನಿಗೆ ಕಂಡಕ್ಟಿವಿಟಿ ಮೀಟರ್ ಇದ್ದರೂ ಈ ಪರೀಕ್ಷೆ ಬಿಡಬೇಡಿ. ಸಕ್ಕರೆ ವಿದ್ಯುತ್ ಹರಿಸುವುದಿಲ್ಲ, ಶುದ್ಧ ಸಕ್ಕರೆ ಸೋರಿದರೆ ಆ ಮೀಟರಿಗೆ ಗೊತ್ತೇ ಆಗುವುದಿಲ್ಲ.

ಸ್ಪ್ರೇ ಪಾಂಡ್ ಲೆಕ್ಕ

ಸ್ಪ್ರೇ ಪಾಂಡಿಗೆ ನೀರು ಹಾಕಲೇಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಕಿಲೋ ಹಬೆ ತಣಿಯಲು, ನೀರು 11 ಡಿಗ್ರಿ ಏರುವಂತಿದ್ದರೆ, ಸುಮಾರು 50 ಕಿಲೋ ಇಂಜೆಕ್ಷನ್ ನೀರು ಬೇಕು. ದಿನಕ್ಕೆ 1,100 ಟನ್ ಹಬೆಗೆ ಗಂಟೆಗೆ 2,300 ಘನ ಮೀಟರ್. ಆ ಶಾಖವನ್ನು ಹೊರಹಾಕಲು ಪಾಂಡಿನಿಂದ ಆವಿಯಾಗುವುದು ಸುಮಾರು 935 ಟನ್. ಬಂದದ್ದು 1,100, ಆವಿಯಾದದ್ದು 935. ದಿನಕ್ಕೆ 165 ಟನ್ ಉಳಿಯಬೇಕು!

ಉಳಿಯುವುದಿಲ್ಲ, ಏಕೆಂದರೆ ಗಾಳಿ. ತೆರೆದ ಪಾಂಡಿನಲ್ಲಿ ನಾಜಲಿನಿಂದ ಚಿಮ್ಮುವ ಹನಿಗಳನ್ನು ಗಾಳಿ ಹೊತ್ತೊಯ್ಯುತ್ತದೆ. ನೂರಕ್ಕೆ ಒಂದು ಪಾಲು ಹೋದರೂ ದಿನಕ್ಕೆ 550 ಟನ್; ಉಳಿತಾಯ ಹೋಗಿ 390 ಟನ್ ಕೊರತೆ. ಪಾಂಡಿನ ಪಕ್ಕದ ರಸ್ತೆ ಸದಾ ಒದ್ದೆಯಾಗಿದೆಯೇ, ಗಾಳಿ ಬೀಸುವ ಕಡೆಯ ಮರಗಳ ಎಲೆ ಮೇಲೆ ಬಿಳಿ ಕಲೆಯಿದೆಯೇ ನೋಡಿ.

ಇಲ್ಲಿ ಇನ್ನೊಂದು ಗುಟ್ಟಿದೆ. ಆವಿಯಾಗುವ ನೀರು ಶಾಖವನ್ನು ಅವಲಂಬಿಸಿದ್ದು, ಪಂಪು ಎಷ್ಟು ಸುತ್ತಿಸುತ್ತದೆ ಎಂಬುದನ್ನಲ್ಲ. ಆದರೆ ಗಾಳಿಗೆ ಹಾರುವ ನೀರು ಸುತ್ತುವ ನೀರಿನ ಪಾಲು. ಪ್ಯಾನು ಖಾಲಿಯಿದ್ದಾಗಲೂ ಕಂಡೆನ್ಸರಿಗೆ ಪೂರ್ತಿ ನೀರು ಬಿಟ್ಟು 4,600 ಘನ ಮೀಟರ್ ಸುತ್ತಿಸಿದರೆ ಕರೆಂಟೂ ಇಮ್ಮಡಿ, ಹಾರುವ ನೀರೂ ಇಮ್ಮಡಿ. ಕಂಡೆನ್ಸರಿಗೆ ಬರುವ ಮತ್ತು ಹೋಗುವ ನೀರಿನ ತಾಪಮಾನ ಅಳೆಯಿರಿ. ವ್ಯತ್ಯಾಸ ಬರೀ 5 ಡಿಗ್ರಿ ಇದ್ದರೆ ಬೇಕಾದ ಇಮ್ಮಡಿ ನೀರು ಓಡುತ್ತಿದೆ. ವ್ಯಾಕ್ಯೂಮ್ ನೋಡಿ ನೀರು ಹೊಂದಿಸುವ ಆಟೊಮೇಷನ್ ಮತ್ತು ಪಂಪಿಗೆ ವಿ.ಎಫ್.ಡಿ. (ಮೋಟರಿನ ವೇಗ ಹೊಂದಿಸುವ ಸಾಧನ) ಹಾಕುವುದು ಇಲ್ಲಿ ಮೊದಲ ಖರ್ಚು. ನಾಜಲುಗಳ ಒತ್ತಡ ಜಾಸ್ತಿಯಿದ್ದರೆ ಹನಿ ಹೊಗೆಯಂತಾಗಿ ಹಾರುತ್ತದೆ, ಕಡಿಮೆಯಿದ್ದರೆ ತಣಿಯುವುದಿಲ್ಲ. ತಯಾರಕರು ಹೇಳಿದ ಒತ್ತಡಕ್ಕೆ ಹೊಂದಿಸಿ, ಕಟ್ಟಿಕೊಂಡ ನಾಜಲ್ ಬಿಚ್ಚಿ ತೊಳೆಯಿರಿ. ಗಾಳಿ ಬರುವ ಬದಿಗೆ ತಡಿಕೆಯ ಗೋಡೆ ಕಟ್ಟಿದರೂ ಉಪಯೋಗವಿದೆ. ಡ್ರಿಫ್ಟ್ ಎಲಿಮಿನೇಟರ್ ಇರುವ ಕೂಲಿಂಗ್ ಟವರಿಗೆ ಬದಲಾಯಿಸಿದರೆ ಹಾರುವ ನೀರು ಬಹುತೇಕ ನಿಲ್ಲುತ್ತದೆ, ಆದರೆ ಸಕ್ಕರೆ ಬೆರೆತ ನೀರಿಗೆ ಫಿಲ್ಲು ಪಾಚಿಗಟ್ಟುತ್ತದೆ. ಅದಕ್ಕೆ ಸ್ಪ್ಲಾಶ್ ಮಾದರಿಯದೇ ಸರಿ.

ಪಾಂಡಿನ ನೀರು ಹುಳಿವಾಸನೆ ಬಂದು ಲೋಳೆಗಟ್ಟಿದಾಗ ಅದನ್ನು ಹೊರಬಿಟ್ಟು ಹೊಸ ನೀರು ತುಂಬುತ್ತಾರೆ. ತಪ್ಪು ಪಾಂಡಿನದಲ್ಲ, ಪ್ಯಾನಿನದು. ಪ್ಯಾನನ್ನು ಗುರುತಿನ ಮೇಲೆ ತುಂಬಿಸಿದರೆ, ವ್ಯಾಕ್ಯೂಮನ್ನು ಜಗ್ಗಿ ಏರಿಸಿದರೆ, ರಸ ನೊರೆಯಾಗಿ ಹಬೆಯ ಜೊತೆ ಕಂಡೆನ್ಸರಿಗೆ ಹಾರುತ್ತದೆ. ಕ್ಯಾಚಾಲ್ (ಹಬೆಯ ಜೊತೆ ಹಾರುವ ರಸ ಹಿಡಿಯುವ ಸಾಧನ) ತೂತುಬಿದ್ದಿದ್ದರೂ ಅಷ್ಟೇ. ಪ್ರತಿ ಕಂಡೆನ್ಸರಿನ ಕೆಳಗಿನ ನೀರಿಗೆ ಎರಡು ಗಂಟೆಗೊಮ್ಮೆ ನೇರಳೆ ಉಂಗುರದ ಪರೀಕ್ಷೆ ಮಾಡಿ, ಯಾವ ಪ್ಯಾನು, ಯಾವ ಪಾಳಿ ಎಂದು ಬರೆದರೆ ಒಂದು ವಾರದಲ್ಲಿ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ. ಪ್ಯಾನ್‌ಮನ್ ಮೇಲೆ ಹರಿಹಾಯುವ ಮೊದಲು ಅವರಿಗೆ ಕಾಣುವ ಸೈಟ್ ಗ್ಲಾಸು ಸ್ವಚ್ಛವಾಗಿದೆಯೇ ನೋಡಿ.

ಪಾಂಡು ಸೋರುತ್ತಿದೆಯೇ ಎಂಬುದು ಮಿಲ್ಲು ನಿಂತ ದಿನದ ಪರೀಕ್ಷೆ. 60 ಮೀಟರ್‌ಗೆ 40 ಮೀಟರ್ ಪಾಂಡಿನಲ್ಲಿ ಮಟ್ಟ ಒಂದು ಸೆಂ.ಮೀ. ಇಳಿದರೆ 24 ಘನ ಮೀಟರ್ ಹೋಯಿತು. ಪಂಪು ನಿಲ್ಲಿಸಿ ರಾತ್ರಿ ಹತ್ತಕ್ಕೆ ಗುರುತು ಹಾಕಿ, ಬೆಳಿಗ್ಗೆ ಆರಕ್ಕೆ ನೋಡಿ. ಪಕ್ಕದಲ್ಲಿ ನೀರು ತುಂಬಿದ ಅಗಲ ಬಾಯಿಯ ಪಾತ್ರೆಯೊಂದು ಇಟ್ಟರೆ ಆವಿಯಾದದ್ದೆಷ್ಟು, ಸೋರಿದ್ದೆಷ್ಟು ಎಂದು ಬೇರ್ಪಡಿಸಬಹುದು.

ಕೋಜನ್ ಇದ್ದರೆ

ಸಕ್ಕರೆಯ ಜೊತೆ ಕರೆಂಟೂ ಮಾಡಿ ಮಾರುವ (ಕೋಜನ್) ಕಾರ್ಖಾನೆಯಲ್ಲಿ ಟರ್ಬೈನಿನ ಕಂಡೆನ್ಸರಿಗೆ ಹೋಗುವ ಪ್ರತಿ ಟನ್ ಸ್ಟೀಮಿಗೆ ಕೂಲಿಂಗ್ ಟವರಿನಲ್ಲಿ ಸುಮಾರು ಒಂದು ಟನ್ ನೀರು ಆವಿಯಾಗುತ್ತದೆ. ಗಂಟೆಗೆ 20 ಟನ್ ಎಂದರೆ ದಿನಕ್ಕೆ 480. ನೀರಿನಲ್ಲಿನ ಲವಣವನ್ನು ನಾಲ್ಕು ಪಟ್ಟು ಸಾಂದ್ರತೆಗೆ ಇಟ್ಟರೆ ಬ್ಲೋಡೌನ್ (ಲವಣ ಅದಕ್ಕಿಂತ ಹೆಚ್ಚದಂತೆ ಹೊರಬಿಡುವ ನೀರು) 160. ಒಟ್ಟು 640 ಟನ್, ಮೇಲೆ ಹೇಳಿದ ಉಳಿಕೆ ಕಂಡೆನ್ಸೇಟಿನಲ್ಲೇ ಮುಗಿಯುತ್ತದೆ. ಸಾಂದ್ರತೆ ಎರಡೇ ಪಟ್ಟು ಇಟ್ಟಿದ್ದರೆ ಬ್ಲೋಡೌನೇ 480. ಕೊಳವೆಬಾವಿಯ ಗಡಸು ನೀರು ಹಾಕುವವರು ಎರಡಕ್ಕಿಂತ ಮೇಲೆ ಹೋಗಲು ಹೆದರುತ್ತಾರೆ, ಟ್ಯೂಬಿಗೆ ಸುಣ್ಣ ಕಟ್ಟುತ್ತದೆಂದು. ಪಾಲಿಶ್ ಮಾಡಿದ ಕಂಡೆನ್ಸೇಟಿನಲ್ಲಿ ಗಡಸುತನ ಬಹಳ ಕಡಿಮೆ, ಆ ಹೆದರಿಕೆ ಬೇಡ. ಹಂಗಾಮು ಮುಗಿದ ಮೇಲೆ ಕೋಜನ್ ಓಡಿಸುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸದು; ಕಬ್ಬಿಲ್ಲ, ಕಂಡೆನ್ಸೇಟಿಲ್ಲ. ಆ ನೀರನ್ನು ಬೇರೆ ಮೀಟರಿನಲ್ಲೇ ಬರೆಯಿರಿ.

ಬಾಯ್ಲರಿನ ಬ್ಲೋಡೌನ್ ಬೂದಿ ನಂದಿಸಲು ಸಾಕು. ವೆಟ್ ಸ್ಕ್ರಬ್ಬರ್ (ಬಾಯ್ಲರಿನ ಹೊಗೆಯನ್ನು ನೀರಿನಿಂದ ತೊಳೆಯುವ ಸಾಧನ) ಇದ್ದರೆ ಅದರ ನೀರನ್ನು ಬೂದಿ ಕೆಳಗಿಳಿಸಿ ಸುತ್ತಿಸಿ; ಅದಕ್ಕೆ ಒಳ್ಳೆಯ ನೀರು ಕೊಡುವುದು ದಂಡ. ಮಿಲ್ ಹೌಸಿನ ನೆಲಕ್ಕೆ ಬಿದ್ದ ಎಣ್ಣೆ, ಗ್ರೀಸಿನ ಮೇಲೆ ಒಣ ಬಗ್ಯಾಸ್ ಹರಡಿ, ಗುಡಿಸಿ ಬಾಯ್ಲರಿಗೆ ಹಾಕಿ. ಆಮೇಲೆ ತೊಳೆಯಿರಿ, ಅದೂ ಕೈಬಿಟ್ಟರೆ ನಿಲ್ಲುವ ಗನ್ ನಾಜಲಿನಲ್ಲಿ. ಇವಾಪರೇಟರ್ ತೊಳೆಯುವ ಕಾಸ್ಟಿಕ್ ಸೋಡಾ ದ್ರಾವಣವನ್ನು ಟ್ಯಾಂಕಿನಲ್ಲಿ ತಿಳಿಗೊಳಿಸಿ ಮತ್ತೆ ಬಳಸಿ. ಕೊನೆಯ ಜಾಲಿಸಿದ ನೀರನ್ನು ಮುಂದಿನ ಬಾಡಿಯ ಮೊದಲ ಜಾಲಿಕೆಗೆ ಇಡಿ.

ಕಾನೂನು ಏನು ಕೇಳುತ್ತದೆ

2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸಕ್ಕರೆ ಕಾರ್ಖಾನೆಗಳಿಗೆ ತಿದ್ದಿದ ಮಾನದಂಡದಲ್ಲಿ ಒಂದು ಟನ್ ಕಬ್ಬಿಗೆ ಸಂಸ್ಕರಿಸಿದ ತ್ಯಾಜ್ಯನೀರು 100 ಲೀಟರ್, ಸ್ಪ್ರೇ ಪಾಂಡ್ ಓವರ್‌ಫ್ಲೋ ಅಥವಾ ಕೂಲಿಂಗ್ ಟವರ್ ಬ್ಲೋಡೌನ್ 100 ಲೀಟರ್ ಮೀರಬಾರದು ಎಂದಿದೆ. 5,000 ಟನ್ ಕಾರ್ಖಾನೆಗೆ ದಿನಕ್ಕೆ ತಲಾ 500 ಘನ ಮೀಟರ್. ಕೊಳವೆಬಾವಿಯಿಂದ ದಿನಕ್ಕೆ 100 ಘನ ಮೀಟರಿಗಿಂತ ಹೆಚ್ಚು ಎತ್ತುವ ಉದ್ಯಮಗಳು ವರ್ಷಕ್ಕೊಮ್ಮೆ ಮಾನ್ಯತೆ ಪಡೆದವರಿಂದ ನೀರಿನ ಆಡಿಟ್ ಮಾಡಿಸಬೇಕು, ಮೂರು ವರ್ಷದಲ್ಲಿ ಅಂತರ್ಜಲ ಬಳಕೆಯನ್ನು ಶೇ. 20ರಷ್ಟಾದರೂ ತಗ್ಗಿಸಬೇಕು ಎಂದು ಕೇಂದ್ರದ 2020ರ ಸೆಪ್ಟೆಂಬರ್ ಮಾರ್ಗಸೂಚಿ ಹೇಳುತ್ತದೆ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆಯೂ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದ ಷರತ್ತುಗಳೂ ಇವೆ. ಆ ಪತ್ರದಲ್ಲಿ ಬರೆದ ಅಂಕಿಯೇ ನಿಮಗೆ ಅಂತಿಮ. ಆಡಿಟ್ ಶುರುಮಾಡುವ ಮುನ್ನ ಅದರ ಒಂದು ಪ್ರತಿ ಕೈಯಲ್ಲಿರಲಿ.

ದಿನದ ಪುಸ್ತಕ

ಆಡಿಟ್ ವರದಿ ಕಪಾಟಿಗೆ ಹೋದ ಮೇಲೆ ಉಳಿಯುವುದು ಪಾಳಿಯ ಪುಸ್ತಕ. ಅದರಲ್ಲಿ ಆರು ಅಂಕಿ ಸಾಕು: ಹೊರಗಿನಿಂದ ತಂದ ನೀರು, ಇಂಬಿಬಿಷನ್, ಬಾಯ್ಲರ್ ಮೇಕಪ್ (ಕಡಿಮೆಯಾದಷ್ಟು ತುಂಬುವ ನೀರು), ಕೂಲಿಂಗ್ ಟವರ್ ಮೇಕಪ್, ಇ.ಟಿ.ಪಿ.ಗೆ ಹೋದದ್ದು, ನುರಿಸಿದ ಕಬ್ಬು. ಮೊದಲನೆಯದನ್ನು ಕೊನೆಯದರಿಂದ ಭಾಗಿಸಿ "ಟನ್ನಿಗೆ ಇಷ್ಟು ಲೀಟರ್" ಎಂದು ರಿಕವರಿಯ (ಕಬ್ಬಿನಿಂದ ಸಿಕ್ಕ ಸಕ್ಕರೆಯ ಶೇಕಡಾ ಪಾಲಿನ) ಪಕ್ಕದಲ್ಲೇ ಬೋರ್ಡಿನ ಮೇಲೆ ಬರೆಸಿ. ಬರೀ ಘನ ಮೀಟರ್ ಬರೆದರೆ ಕಬ್ಬು ಕಡಿಮೆ ಬಂದ ದಿನ ಉಳಿತಾಯವಾದಂತೆ ಕಾಣುತ್ತದೆ. ಮೀಟರು ಓದುವವರು ಹಿಂದಿನ ಅಂಕಿಗೆ ಅಂದಾಜು ಕೂಡಿಸಿ ಬರೆಯುವುದುಂಟು. ಸತತ ಮೂರು ಪಾಳಿ ಒಂದೇ ವ್ಯತ್ಯಾಸ ಬಂದಿದ್ದರೆ ಮೀಟರಿನ ಹತ್ತಿರ ಹೋಗಿ ನೋಡಿ, ಮುಳ್ಳು ತಿರುಗುತ್ತಿದೆಯೇ ಎಂದು.

ಹಣ ಕೇಳುವಾಗ ನೀರಿನ ದರವೊಂದನ್ನೇ ತೋರಿಸಿದರೆ ಆಡಳಿತದವರು ಒಪ್ಪುವುದಿಲ್ಲ, ನದಿಯ ನೀರು ಅಗ್ಗ. ಒಂದು ಘನ ಮೀಟರನ್ನು 100 ಮೀಟರ್ ಮೇಲೆ ಎತ್ತಲು ಶೇ. 60 ದಕ್ಷತೆಯ ಪಂಪಿಗೆ 0.45 ಯೂನಿಟ್ ಬೇಕು. ಅದಕ್ಕೆ ಸಾಫ್ಟ್‌ನರಿನ ಉಪ್ಪು, ಇ.ಟಿ.ಪಿ.ಯ ಬ್ಲೋಯರ್ ಕರೆಂಟು, ರಾಸಾಯನಿಕ, ಚರಂಡಿಗೆ ಹೋದ ಸಕ್ಕರೆ, ಹಾಳಾದ ಶಾಖ ಎಲ್ಲ ಸೇರಿಸಿ. ಎಲ್ಲಕ್ಕಿಂತ ದೊಡ್ಡದು ಕೊನೆಯ ಎರಡು.

ಪೈಪು ಬದಲಾವಣೆಯ ಕೆಲಸವೆಲ್ಲ ಹಂಗಾಮು ಮುಗಿದ ಮೇಲೆ. ಆದರೆ ಒಂದು ಕೆಲಸ ಹಂಗಾಮಿನ ಕೊನೆಯ ದಿನಗಳಿಗೇ ಸೇರಿದ್ದು. ಕೊನೆಯ ಎರಡು ದಿನದ ಕಂಡೆನ್ಸೇಟನ್ನು ಪಾಲಿಶ್ ಮಾಡಿ ಟ್ಯಾಂಕುಗಳಲ್ಲಿ ಹಿಡಿದಿಟ್ಟರೆ ಬಾಡಿ, ಪ್ಯಾನು, ಮಿಲ್ಲು ತೊಳೆಯುವ ಕೆಲಸಕ್ಕೆ ಅದೇ ಆಗುತ್ತದೆ. ಪಾಂಡನ್ನು ಖಾಲಿ ಮಾಡಿ ಕೆಸರೆತ್ತಿ, ಬಿರುಕು ಮುಚ್ಚಿ, ಚಾವಣಿಗಳ ಮಳೆನೀರಿನ ಪೈಪನ್ನು ಅದಕ್ಕೆ ತಿರುಗಿಸಿ. ಮುಂದಿನ ಹಂಗಾಮಿನ ವಾಟರ್ ಟ್ರಯಲ್ಲಿಗೆ (ರಸದ ಬದಲು ನೀರು ಹಾಕಿ ಓಡಿಸಿ ನೋಡಲು) ಆ ನೀರು, ಟ್ರಯಲ್ ಮುಗಿದ ಮೇಲೆ ಇವಾಪರೇಟರಿನಿಂದ ಇಳಿಸಿದ ನೀರು ಮತ್ತೆ ಪಾಂಡಿಗೇ.